ಸೈತಾನನ ಹೆಸರು ಹೇಳಿ ಫಾದರ್

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ಅಕ್ಟೋಬರ್ ಬಂತು ಅಂದ್ರೆ ಕಥೋಲಿಕರಿಗೆ ಜಪಸರದ ತಿಂಗಳು. ಸೈತಾನನಿಂದ ರಕ್ಷಣೆ ಬೇಡುವ, ಭಯ ಬಿಡಿಸು ಅಂತ ಕೇಳುವ ಪ್ರಾರ್ಥನೆಗಳು ವಾಟ್ಸಾಪ್‌ನಲ್ಲಿ ಹರಿದಾಡ್ತವೆ. ಅದರಲ್ಲಿ ಮುಖ್ಯವಾದದ್ದು ಮಹಾದೂತ ಸಂತ ಮಿಕಾಯೇಲನ ಪ್ರಾರ್ಥನೆ. ನಮ್ಮ ಸಂಘಟನೆಗಳ ಕೆಲವು ಗೆಳೆಯರು ಇದರ ಸ್ಕ್ರೀನ್‌ಶಾಟ್ ಹಾಕಿ "ಮತ ಬಿಟ್ಟರೂ ಮೌಢ್ಯ ಬಿಡಲಿಲ್ಲ" ಅಂತ ನಗ್ತಾರೆ. ಪ್ರಾರ್ಥನಾ ಕೂಟದವರು "ಒಂಬತ್ತು ದಿನ ಹೇಳಿ, ಭಯ ಓಡಿಹೋಗುತ್ತೆ" ಅಂತಾರೆ. ನನಗೆ ಈ ಇಬ್ಬರ ಜೊತೆಗೂ ಜಗಳ ಇದೆ.

ಮೊದಲು ನಗುವವರಿಗೆ.

ಭಯ ಮೌಢ್ಯ ಅಲ್ಲ ಕಣ್ರಪ್ಪಾ. ಕೇರಿಯ ಹೆಂಗಸು ರಾತ್ರಿ ಮೊಣಕಾಲೂರಿ "ಕಾಪಾಡು" ಅಂತ ಬೇಡಿದ್ರೆ ಅವಳ ಭಯಕ್ಕೆ ವಿಳಾಸ ಇರುತ್ತೆ. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಸನ್ಯಾಸಿನಿಯರ ಮಠದ ಪ್ರಾರ್ಥನಾ ಮಂದಿರಕ್ಕೆ ನುಗ್ಗಿದವರು ಮನುಷ್ಯರೇ, ಪಿಶಾಚಿಗಳಲ್ಲ. ಅದೇ ವರ್ಷ ಒಡಿಶಾದ ಕಂಧಮಾಲ್‌ನಲ್ಲಿ ಮನೆ ಸುಡಿಸಿಕೊಂಡು ಕಾಡಿಗೆ ಓಡಿದವರಲ್ಲಿ ಹೆಚ್ಚಿನವರು ಪಾಣ ದಲಿತರು ಮತ್ತು ಕಂಧ ಆದಿವಾಸಿಗಳು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆ ನೋಡಿ. ಶಿಕ್ಷೆ ಹೆಚ್ಚು ಮಾಡುವ ಕಡೆ ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ರು. ನಮ್ಮ ತಲೆಯಲ್ಲಿ ಯೋಚನೆ ಹುಟ್ಟೋದೇ ಇಲ್ಲ ಅಂತ ಅದರ ಅರ್ಥ. ದೇವರ ಅಸಮಾಧಾನದ ಮಾತೂ ಅದರಲ್ಲಿ 'ಆಮಿಷ'ದ ಪಟ್ಟಿಗೆ ಸೇರಿತ್ತು. ಅಂದ್ರೆ ಕಾಯಿಲೆ ಮಲಗಿದ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿದವನೂ ಪೊಲೀಸರಿಗೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ನಮ್ಮ ಬೌದ್ಧ ಪರಂಪರೆಯಲ್ಲೂ ಪರಿತ್ತ ಪಠಣ ಇದೆ ಅಲ್ವಾ? ಪರಿತ್ತ ಅಂದ್ರೇ ರಕ್ಷಣೆ. ಕಾಡಿನಲ್ಲಿ ಹೆದರಿ ಓಡಿಬಂದ ಭಿಕ್ಖುಗಳಿಗೆ ಬುದ್ಧರು ಮೆತ್ತ ಸುತ್ತ ಹೇಳಿಕೊಟ್ಟು ಅದೇ ಕಾಡಿಗೆ ವಾಪಸ್ ಕಳಿಸಿದರು ಅಂತ ಅಟ್ಠಕಥೆ ಹೇಳುತ್ತೆ. ಭಯ ಬಿಟ್ಟು ನಿಲ್ಲೋಕೆ ಮನುಷ್ಯನಿಗೆ ನಾಲ್ಕು ಮಾತು ಬೇಕು. ನಮ್ಮದಾದ್ರೆ ಸಂಸ್ಕೃತಿ, ಅವರದಾದ್ರೆ ಮೌಢ್ಯ ಅನ್ನೋದು ನ್ಯಾಯ ಅಲ್ಲ. ಹಾಗಾಗಿ ಪ್ರಾರ್ಥಿಸುವವಳನ್ನ ಬಿಟ್ಟುಬಿಡಿ.

ಈಗ ಅವಳಿಗೆ ಪ್ರಾರ್ಥನೆ ಕಲಿಸುವವರ ಹತ್ತಿರ ಬರ್ತೀನಿ.

ಫಾದರ್‌ಗಳೇ, ಬಿಷಪ್‌ಗಳೇ, ನಾವು ಜಾತಿ ಮಾತೆತ್ತಿದ ಕೂಡಲೇ "ಪೂಜೆಯಲ್ಲಿ ರಾಜಕೀಯ ತರಬೇಡಿ" ಅಂತೀರಿ. ಈ ಪ್ರಾರ್ಥನೆಯ ಚರಿತ್ರೆಯನ್ನೇ ತೆಗೆದು ನೋಡೋಣ. 1859ರಲ್ಲಿ ಪೋಪರ ಸ್ವಂತ ರಾಜ್ಯಕ್ಕೆ ಆಪತ್ತು ಬಂದಾಗ ಒಂಬತ್ತನೇ ಪಿಯುಸ್ ಆ ರಾಜ್ಯದ ಒಳಗೆ ಬಲಿಪೂಜೆಯ ನಂತರ ವಿಶೇಷ ಪ್ರಾರ್ಥನೆ ಮಾಡಿಸಿದರು. 1870ರಲ್ಲಿ ರೋಮ್ ಕೈತಪ್ಪಿತು. 1884ರಲ್ಲಿ ಹದಿಮೂರನೇ ಲಿಯೋ ಅದನ್ನ ಇಡೀ ಲೋಕದ ಚರ್ಚುಗಳಿಗೆ ವಿಸ್ತರಿಸಿದರು. 1886ರಲ್ಲಿ ಅದಕ್ಕೆ ಮಿಕಾಯೇಲನ ಪ್ರಾರ್ಥನೆ ಸೇರಿತು. 1930ರಲ್ಲಿ ಹನ್ನೊಂದನೇ ಪಿಯುಸ್ ಇವನ್ನೆಲ್ಲ ರಷ್ಯಾಕ್ಕಾಗಿ ಹೇಳಿ ಅಂದರು. ಎರಡನೇ ವ್ಯಾಟಿಕನ್ ಸಭೆಯ ಕಾಲದ ಸುಧಾರಣೆಯಲ್ಲಿ ಈ ಪದ್ಧತಿ ನಿಂತಿತು. 2018ರಲ್ಲಿ ಚರ್ಚಿನ ಒಳಗಿನ ಲೈಂಗಿಕ ಶೋಷಣೆಯ ಹಗರಣ ಲೋಕದ ಮುಂದೆ ಬಂದಾಗ ಪೋಪ್ ಫ್ರಾನ್ಸಿಸ್ ಅಕ್ಟೋಬರ್ ತಿಂಗಳಿಡೀ ಇದನ್ನ ಮತ್ತೆ ಹೇಳಿ ಅಂತ ಕೇಳಿಕೊಂಡರು.

ಪೋಪರ ರಾಜ್ಯಕ್ಕೆ ಕೇಡು ಬಂದಾಗ, ರಷ್ಯಾದಲ್ಲಿ ಕೇಡು ಕಂಡಾಗ, ಚರ್ಚಿನ ಒಳಗೇ ಕೇಡು ಬಯಲಾದಾಗ ಇದು ಪ್ರಾರ್ಥನೆ. ದಲಿತ ಕಥೋಲಿಕ ತನ್ನ ಕೇಡಿನ ಹೆಸರು ಹೇಳಿದ್ರೆ ಮಾತ್ರ ಇದು ರಾಜಕೀಯ. ಇದು ಯಾವ ಲೆಕ್ಕ ಸ್ವಾಮಿ?

ಆ ಕೇಡಿನ ಹೆಸರು ಜಾತಿ. ಅದು ನಿಮ್ಮ ಗೇಟಿನ ಹೊರಗೆ ನಿಂತಿಲ್ಲ. ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕಥೋಲಿಕರು ಈ ತಾರತಮ್ಯ ಸಾಕು, ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂದಿದ್ದಕ್ಕೆ 2008ರ ಮಾರ್ಚ್‌ನಲ್ಲಿ ಅವರ ಮನೆಗಳ ಮೇಲೆ ದಾಳಿ ಆಯ್ತು. ದಾಳಿ ಮಾಡಿದವರೂ ಕಥೋಲಿಕರೇ. ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು. ತಿರುಚ್ಚಿಯ ಮೇಲಪುದೂರಿನಲ್ಲಿ ಕಥೋಲಿಕರ ಸ್ಮಶಾನದ ನಡುವೆಯೇ ಗೋಡೆ, ಆ ಕಡೆ ಜಾತಿಯವರು, ಈ ಕಡೆ ದಲಿತರು. ಪುನರುತ್ಥಾನ ನಂಬುವ ಜನ ಹೆಣಕ್ಕೂ ಮೈಲಿಗೆ ಇಟ್ಟುಕೊಂಡ್ರು. 2016ರ ಡಿಸೆಂಬರ್‌ನಲ್ಲಿ ಭಾರತದ ಬಿಷಪರ ಮಂಡಳಿಯೇ ದಲಿತ ಸಬಲೀಕರಣ ನೀತಿ ಹೊರತಂದು, ಚರ್ಚಿನ ಒಳಗೆ ಜಾತಿ ತಾರತಮ್ಯ ಇದೆ, ಅದು ಪಾಪ ಅಂತ ಒಪ್ಪಿಕೊಂಡಿತು. ಭಾರತಕ್ಕೆ ಮೊದಲ ಕಾರ್ಡಿನಲ್ ಸಿಕ್ಕಿದ್ದು 1953ರಲ್ಲಿ. ದಲಿತರಲ್ಲಿ ಮೊದಲ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಟೊನಿ ಪೂಲ ಬರೋಕೆ 2022 ಆಗಬೇಕಾಯ್ತು. 69 ವರ್ಷ. ಇದನ್ನ ಯಾವ ಪಿಶಾಚಿ ತಡೆದಿಟ್ಟಿತ್ತು?

ರಕ್ಷಣೆಯ ಪ್ರಾರ್ಥನೆಗಳಲ್ಲಿ ಪದೇಪದೇ ಬರೋದು ಸಂತ ಪೌಲರ ಹೆಸರಿನ ಎಫೆಸದವರ ಪತ್ರದ ಆರನೇ ಅಧ್ಯಾಯ, ದೇವರ ರಕ್ಷಾಕವಚದ ಮಾತು. ಆ ಕವಚ ಯಾವುದರಿಂದ ಮಾಡಿದ್ದು ಅಂತ ಓದಿ. ಸೊಂಟಕ್ಕೆ ಸತ್ಯ, ಎದೆಗೆ ನೀತಿ-ನ್ಯಾಯ, ಕೈಗೆ ವಿಶ್ವಾಸದ ಗುರಾಣಿ. ನೀವು ನಮಗೆ ಗುರಾಣಿ ಒಂದನ್ನೇ ಕೊಟ್ಟು ಕಳಿಸ್ತಾ ಇದ್ದೀರಿ. ಸತ್ಯದ ನಡುಕಟ್ಟು ಎಲ್ಲಿ? ನ್ಯಾಯದ ಎದೆಕವಚ ಎಲ್ಲಿ? ಎದೆ ಬರಿದಾಗಿ ಬಿಟ್ಟು ಯುದ್ಧಕ್ಕೆ ಹೋಗು ಅನ್ನೋದು ರಕ್ಷಣೆ ಅಲ್ಲ.

91ನೇ ಕೀರ್ತನೆಯೂ ಹಾಗೆ, ಭಯ ಆದಾಗ ಎಲ್ಲರೂ ಹೇಳೋದು. ಆದರೆ ಅರಣ್ಯದಲ್ಲಿ ಯೇಸುವನ್ನ ಪರೀಕ್ಷೆ ಮಾಡುವಾಗ ಸೈತಾನ ಉಲ್ಲೇಖಿಸಿದ್ದೂ ಅದೇ ಕೀರ್ತನೆಯನ್ನ. ಮತ್ತಾಯನ ಸುವಾರ್ತೆ, ನಾಲ್ಕನೇ ಅಧ್ಯಾಯ. ರಕ್ಷಣೆಯ ಮಾತು ಸೈತಾನನ ಬಾಯಿಗೂ ಬಾಯಿಪಾಠ. ಹಾಗಾಗಿ ಮಾತು ಪವಿತ್ರವೋ ಅಲ್ಲವೋ ಅನ್ನೋದಕ್ಕಿಂತ ಯಾರನ್ನ ಸುಮ್ಮನಿರಿಸೋಕೆ ಅದನ್ನ ಬಳಸ್ತೀರಿ ಅನ್ನೋದೇ ಪ್ರಶ್ನೆ.

ನಾನು ದಿನಾ ಫೈಲು ನೋಡುವ ಗುಮಾಸ್ತ. ಕಾಗದದ ಒಂದು ಸಾಲಿಂದ ಒಂದು ಸಂಸಾರದ ಗತಿ ಹೇಗೆ ಬದಲಾಗುತ್ತೆ ಅಂತ ಗೊತ್ತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಅಂಥ ಸಾಲು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿ ಅಲ್ಲ ಅಂತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದ್ರು. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವವರು ಹಿಂದೂ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ನನಗೂ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ್ರು. ಮತಾಂತರದ ನಂತರವೂ ಅಷ್ಟೇ ತೀವ್ರವಾದ ಶೋಷಣೆ ಇದೆ ಅಂತ ತೋರಿಸೋಕೆ ಸಾಕ್ಷ್ಯ ಸಾಲದು ಅಂತ 1985ರಲ್ಲಿ ಅರ್ಜಿ ವಜಾ ಆಯ್ತು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಅಂತು. ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಮಾಡಿದ್ರು.

ಪರಿಶಿಷ್ಟ ಅಂತ ಲೆಕ್ಕಕ್ಕೆ ಬರದವನಿಗೆ ದೌರ್ಜನ್ಯ ತಡೆ ಕಾಯ್ದೆಯೂ ಇಲ್ಲ. ಹೊಡೆಯುವವನು ಜಾತಿ ನೋಡಿ ಹೊಡೀತಾನೆ, ಠಾಣೆಯಲ್ಲಿ ಧರ್ಮ ನೋಡಿ ಕೇಸ್ ಬರ್ಕೋತಾರೆ. ಅವನ ಭಯಕ್ಕೆ ಜಪಸರ ಮಾತ್ರ ಕೊಟ್ರೆ ಸಾಕಾ?

ಕೆಲವು ಹಿತೈಷಿಗಳು ಹೇಳ್ತಾರೆ: "ಈ ಹೊತ್ತಿನಲ್ಲಿ ಚರ್ಚನ್ನ ಟೀಕಿಸಿದ್ರೆ ಸಂಘ ಪರಿವಾರದ ಕೈಗೆ ಕೋಲು ಕೊಟ್ಟ ಹಾಗೆ." ಅವರ ಕೈಯಲ್ಲಿ ಕೋಲು ಮೊದಲಿಂದಲೂ ಇದೆ, ನನ್ನ ಪೋಸ್ಟಿಗೆ ಕಾಯ್ತಾ ಕೂತಿಲ್ಲ. ಇದನ್ನ ಹಿಡ್ಕೊಂಡು ಕುಣಿಯೋಕೆ ಬರುವವರಿಗೂ ಒಂದು ಮಾತು: ಜಾತಿ ಮಿಷನರಿಗಳ ಹಡಗಿನಲ್ಲಿ ಬಂದ ಸರಕಲ್ಲ. ಅದು ನಿಮ್ಮ ಅಂಗಳದ ಬೆಳೆ. ಚರ್ಚು ಅದನ್ನ ಕಿತ್ತು ಬಿಸಾಕಲಿಲ್ಲ ಅನ್ನೋದು ನನ್ನ ದೂರು.

ಹಾಗಾದ್ರೆ ಏನು ಮಾಡಬೇಕು? ದೊಡ್ಡದೇನೂ ಕೇಳ್ತಿಲ್ಲ.

ಒಂದು, ನವೆಂಬರ್‌ನ ದಲಿತ ವಿಮೋಚನಾ ಭಾನುವಾರ ಒಂದು ದಿನ ಸಾಕಾಗಲ್ಲ. ರಕ್ಷಣೆಯ ಪ್ರಾರ್ಥನೆ ಹೇಳಿಸುವಾಗಲೆಲ್ಲ ಜಾತಿಯಿಂದ ಬಿಡಿಸು ಅಂತ ಬಾಯಿಬಿಟ್ಟು ಹೇಳಿಸಿ. ದಲಿತರ ಕೇರಿಯಲ್ಲಷ್ಟೇ ಅಲ್ಲ, ಮೇಲ್ಜಾತಿ ಕಥೋಲಿಕರು ಮುಂದಿನ ಬೆಂಚಲ್ಲಿ ಕೂರುವ ಚರ್ಚಿನಲ್ಲೂ.

ಎರಡು, ಪ್ರತಿ ಧರ್ಮಪ್ರಾಂತ್ಯವೂ ಲೆಕ್ಕ ಹೊರಗಿಡಲಿ. ಎಷ್ಟು ದಲಿತ ಗುರುಗಳು, ನಿಮ್ಮ ಶಾಲೆ-ಕಾಲೇಜಿನಲ್ಲಿ ಎಷ್ಟು ದಲಿತ ಮಕ್ಕಳು, ಎಷ್ಟು ದಲಿತ ಮೇಷ್ಟ್ರು. ಕಸ ಗುಡಿಸುವ ಕೆಲಸ ಬಿಟ್ಟು.

ಮೂರು, ದೆವ್ವ ಬಿಡಿಸುವ ವಿಧಿಗೆ ಬಿಷಪರ ಅನುಮತಿ ಬೇಕು, ಮೊದಲು ಅದು ಕಾಯಿಲೆಯೇ ಅಂತ ನೋಡಬೇಕು ಅನ್ನೋದು ನಿಮ್ಮದೇ ನಿಯಮ. ಒಳ್ಳೇ ನಿಯಮ. ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿ. ಹೆದರಿ ಬಂದವಳ ತಲೆ ಮೇಲೆ ಕೈ ಇಡುವ ಮೊದಲು "ಯಾರಮ್ಮಾ ನಿನ್ನ ಹೆದರಿಸಿದ್ದು?" ಅಂತ ಕೇಳಿ. ಗೌಡ ಅಂದ್ರೆ ಅವಳ ಜೊತೆ ಠಾಣೆಗೆ ಹೋಗಿ. ಗಂಡ ಅಂದ್ರೆ ವಕೀಲರನ್ನ ಕರೆಸಿ. ನಿದ್ದೆ ಇಲ್ಲ ಅಂದ್ರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಆಮೇಲೆ ಪ್ರಾರ್ಥನೆ ಮಾಡಿ, ಯಾರೂ ಬೇಡ ಅನ್ನಲ್ಲ.

ಬಾಬಾಸಾಹೇಬರು ಧಮ್ಮ ದೀಕ್ಷೆ ತಗೊಂಡಿದ್ದೂ ಅಕ್ಟೋಬರ್‌ನಲ್ಲೇ, 1956ರ 14ರಂದು. ಅದಕ್ಕೂ ಮೊದಲು ಅವರು ಕ್ರೈಸ್ತ ಧರ್ಮವನ್ನೂ ಕೂಲಂಕಷವಾಗಿ ನೋಡಿದ್ರು. ಮತಾಂತರ ಆದವನ ಜಾತಿಯ ಸಂಕಟಕ್ಕೆ ಮಿಷನ್‌ಗಳು ಹೋರಾಡಲಿಲ್ಲ ಅನ್ನೋದು ಅವರ ತಕರಾರಾಗಿತ್ತು. ಆ ತಕರಾರಿಗೆ ಇವತ್ತಿಗೂ ಉತ್ತರ ಬಾಕಿ ಇದೆ.

ದಲಿತ ಕಥೋಲಿಕ ಬಂಧುಗಳೇ, ನಿಮ್ಮ ಪ್ರಾರ್ಥನೆ ನಿಮ್ಮ ಹಕ್ಕು, ಬಿಡಬೇಡಿ. ಆದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ನಿಂತು ಕೇಳಿ: ನಾವು ಯಾವ ಸೈತಾನನಿಂದ ಬಿಡುಗಡೆ ಕೇಳ್ತಾ ಇದ್ದೀವಿ, ಅವನ ಹೆಸರೇನು? ಒಬ್ಬರೇ ಹೋಗಬೇಡಿ. ಹತ್ತು ಜನ ಹೋಗಿ.

ಜೈ ಭೀಮ್.