ಇತ್ತಲಾರಿನ ಅಕ್ಕಿ ಕಾರ್ಡಿನ ಮೇಲೆ ಯಾರ ಕಣ್ಣು?

2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ರೇಷನ್ ಕಾರ್ಡುಗಳ ಪಟ್ಟಿಯನ್ನು ಆದಾಯ ತೆರಿಗೆ, ವಾಹನ ನೋಂದಣಿ ಮತ್ತು ಕಂಪನಿ ಕಡತಗಳ ಜೊತೆ ತಾಳೆ ಹಾಕಿ 1.17 ಕೋಟಿ ಕಾರ್ಡುದಾರರು ಅನರ್ಹರೆಂದು ಸಾರಿತು. 94.71 ಲಕ್ಷ ತೆರಿಗೆದಾರರು, 17.51 ಲಕ್ಷ ನಾಲ್ಕು ಚಕ್ರದ ಗಾಡಿಯವರು, 5.31 ಲಕ್ಷ ಕಂಪನಿ ನಿರ್ದೇಶಕರು. ಲೆಕ್ಕ ಕೇಳಿದವರಿಗೆ ಖುಷಿಯಾಯಿತು: ಕಾರಿನವನಿಗೆ ಬಿಟ್ಟಿ ಅಕ್ಕಿಯೇಕೆ? ರೈತರು ಕೂಡಿ ಕಟ್ಟುವ ಉತ್ಪಾದಕ ಕಂಪನಿಗೂ ಕಾನೂನಿನ ಪ್ರಕಾರ ನಿರ್ದೇಶಕರು ಇರಲೇಬೇಕು, ಅವರಲ್ಲಿ ಅರ್ಧ ಎಕರೆಯವರೂ ಇರುತ್ತಾರೆ ಎಂಬುದನ್ನು ಮಾತ್ರ ಹೆಚ್ಚು ಜನ ಯೋಚಿಸಲಿಲ್ಲ.

ತಮಿಳುನಾಡಿನ ನೀಲಗಿರಿಯಲ್ಲಿ, ಊಟಿಯ ನೈರುತ್ಯಕ್ಕೆ, ಎಮರಾಲ್ಡ್ ಕಡೆಗಿರುವ ಬಡಗ ಸಮುದಾಯದ ಊರು ಇತ್ತಲಾರ್. ಸುತ್ತ ಚಹಾ, ಕ್ಯಾರೆಟ್ಟು, ಆಲೂಗಡ್ಡೆ. ಮನೆಗಳಿಗೆ ಬಣ್ಣವಿದೆ, ಹೆಸರಲ್ಲಿ ಭೂಮಿಯಿದೆ. ಕಡತ ನೋಡಿ ಬಡತನ ಅಳೆಯುವವರ ಕಣ್ಣಿಗೆ ಇದು ಉಳ್ಳವರ ಊರು. ಆದರೆ ಒಂದೆಕರೆ ಚಹಾದ ಒಡೆಯನ ಕೈಗೆ ಬರುವುದೆಷ್ಟು ಎಂದು ನೋಡೋಣ. ಹಸಿರೆಲೆಯ ಬೆಲೆ ಕಿಲೋಗೆ 20 ರೂಪಾಯಿ ಮುಟ್ಟದ ತಿಂಗಳುಗಳೇ ವರ್ಷಗಟ್ಟಲೆ ಬಂದಿವೆ. 2023ರ ಸೆಪ್ಟೆಂಬರಿನಲ್ಲಿ ನೀಲಗಿರಿಯ ಸಣ್ಣ ಬೆಳೆಗಾರರು ಕನಿಷ್ಠ ಬೆಲೆ 30 ರೂಪಾಯಿಯ ಮೇಲಿರಲಿ ಎಂದು ಉಪವಾಸ ಕೂತದ್ದು ಇದೇ ಸಂಕಟಕ್ಕೆ. ಎಲೆಗೆ 16 ರೂಪಾಯಿ ಸಿಕ್ಕ ತಿಂಗಳಲ್ಲಿ, ಅಂಗಡಿಯ ಅಕ್ಕಿ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಂಡರೆ, ಮನೆಗೆ 20 ಕಿಲೋ ಅಕ್ಕಿ ತರಲು 62 ಕಿಲೋಗೂ ಹೆಚ್ಚು ಎಲೆ ಮಾರಬೇಕು. ಅದರಲ್ಲೇ ಗೊಬ್ಬರ ಮತ್ತು ಎಲೆ ಕೀಳುವವರ ಕೂಲಿಯನ್ನೂ ಕಳೆಯಬೇಕು.

ಇತ್ತಲಾರಿನಲ್ಲಿ ಸಹಕಾರಿ ಚಹಾ ಕಾರ್ಖಾನೆಯಿದೆ, ಇಂಡ್ಕೋಸರ್ವ್ ಒಕ್ಕೂಟದ್ದು. ಆ ಒಕ್ಕೂಟ ‘ಊಟಿ ಟೀ’ ಎಂಬ ಹೆಸರಿನಲ್ಲಿ ತಮಿಳುನಾಡಿನ ರೇಷನ್ ಅಂಗಡಿಗಳಿಗೇ ಚಹಾ ಪುಡಿ ಕೊಡುತ್ತದೆ. ಹಾಗಾಗಿ ಇಲ್ಲಿನ ಬೆಳೆಗಾರ ಆ ಅಂಗಡಿಗೆ ಮಾಲು ಒದಗಿಸುವವನೂ ಹೌದು, ಅದರ ಅಕ್ಕಿ ಉಣ್ಣುವವನೂ ಹೌದು. ಇವನನ್ನು ಬಿಟ್ಟಿ ತಿನ್ನುವವನೆಂದು ಕರೆಯುವ ಮುನ್ನ ಅವನ ಎಲೆಯ ಬೆಲೆ ನಿಗದಿಯಾಗುವುದು ಎಲ್ಲಿ, ಯಾರ ಲಾಭಕ್ಕೆ ಎಂದು ಕೇಳಿಕೊಳ್ಳಲಿ.

ತಮಿಳುನಾಡು ಇಷ್ಟು ದಿನ ಆ ಮಾತು ಆಡಿಲ್ಲ. 1997ರಲ್ಲಿ ಕೇಂದ್ರ ‘ಉದ್ದೇಶಿತ’ ಪಡಿತರ ತಂದು ಬಡವರನ್ನೂ ಬಡವರಲ್ಲದವರನ್ನೂ ಬೇರೆ ಮಾಡಿ ಎಂದಾಗ ಈ ರಾಜ್ಯ ಒಪ್ಪಲಿಲ್ಲ. ಕೇಳಿದವರಿಗೆಲ್ಲ ಅಕ್ಕಿ ಕಾರ್ಡು ಎಂಬ ನೀತಿ ಉಳಿಯಿತು. 2011ರ ಜೂನ್‌ನಿಂದ ಅಕ್ಕಿ ಉಚಿತವಾಯಿತು. 2013ರ ಆಹಾರ ಭದ್ರತಾ ಕಾಯ್ದೆಗೆ 2016ರ ನವೆಂಬರಿನಲ್ಲಿ ಸೇರಿದ ಮೇಲೂ, ಕೇಂದ್ರದ ಪಟ್ಟಿಗೆ ಬಾರದವರಿಗೆ ರಾಜ್ಯ ತನ್ನ ಖರ್ಚಿನಲ್ಲೇ ಕೊಡುತ್ತಿದೆ. 2007ರಿಂದ ತೊಗರಿಬೇಳೆ, ಪಾಮ್ ಎಣ್ಣೆಯೂ ಅಗ್ಗದಲ್ಲಿ ಸಿಗುತ್ತವೆ. ಕರ್ನಾಟಕದ ಸಂಪುಟಕ್ಕೆ ಬೇಳೆ, ಎಣ್ಣೆಯ ‘ಇಂದಿರಾ ಕಿಟ್’ ಹೊಳೆದದ್ದು 2025ರ ಅಕ್ಟೋಬರಿನಲ್ಲಿ. ಅದೂ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ.

ತಮಿಳುನಾಡಿಗೆ ಇದಕ್ಕೆಲ್ಲ ತಗಲುವುದು ವರ್ಷಕ್ಕೆ 10,000 ಕೋಟಿ ರೂಪಾಯಿಗೂ ಹೆಚ್ಚು. ದೊಡ್ಡ ಮೊತ್ತ, ಅನುಮಾನವಿಲ್ಲ. ರೇಷನ್ ಅಕ್ಕಿ ಗಡಿ ದಾಟಿ ಕೇರಳ, ಕರ್ನಾಟಕಕ್ಕೆ ಹೋಗುತ್ತದೆ ಎಂಬುದೂ ಸುಳ್ಳಲ್ಲ. ಅದಕ್ಕೆಂದೇ ಪ್ರತ್ಯೇಕ ಸಿಐಡಿ ವಿಭಾಗವಿದೆ. ಕಳ್ಳಸಾಗಣೆ ಲಾರಿಯವನ ಅಪರಾಧ, ಅವನನ್ನು ಚೆಕ್‌ಪೋಸ್ಟಿನಲ್ಲಿ ಹಿಡಿಯಲಿ. ಅದಕ್ಕಾಗಿ ಎಲೆ ಕೀಳುವವಳ ಕಾರ್ಡು ಕಿತ್ತುಕೊಳ್ಳುವುದು ಯಾವ ನ್ಯಾಯ? ಶ್ರೀಮಂತರ ವಿಚಾರಕ್ಕೆ ಬಂದರೆ, ಅಕ್ಕಿ ಬೇಡದವರಿಗೆ ಸಕ್ಕರೆ ಕಾರ್ಡಿದೆ, ಏನೂ ಬೇಡದವರಿಗೆ ಬರಿಯ ಗುರುತಿನ ಕಾರ್ಡೂ ಇದೆ. ದಪ್ಪಕ್ಕಿಗೆ ಸರದಿ ನಿಲ್ಲಲು ಯಾವ ಕಂಪನಿ ಮಾಲೀಕನಿಗೆ ಪುರುಸೊತ್ತಿರುತ್ತದೆ?

2018ರಲ್ಲಿ ಮದ್ರಾಸ್ ಹೈಕೋರ್ಟಿನ ಪೀಠವೊಂದು ಉಚಿತ ಅಕ್ಕಿ ಬಡತನ ರೇಖೆಯ ಕೆಳಗಿನವರಿಗಷ್ಟೇ ಸಾಕೆಂದಿತು, ಉಚಿತ ಕೊಡುಗೆಗಳಿಂದ ಜನ ಸೋಮಾರಿಗಳಾಗಿದ್ದಾರೆ ಎಂದೂ ಹೇಳಿತು. ಮಂಜಿನಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿ ಇಳಿಜಾರು ಹತ್ತುವವರ ಬಗ್ಗೆ ಈ ಮಾತು!

ಬಡವರನ್ನು ಮಾತ್ರ ಆರಿಸುತ್ತೇವೆ ಎಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕವೇ ಉದಾಹರಣೆ. ಅಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ ಮಿತಿ 1.20 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000. ನೀಲಗಿರಿಯ ತೋಟದ ಕೂಲಿ ದಿನಕ್ಕೆ 400 ರೂಪಾಯಿ ದಾಟಿದೆ. 26 ದಿನ ದುಡಿದ ಒಬ್ಬಳೇ ಹೆಂಗಸು ಈ ಅಳತೆಯಲ್ಲಿ ಬಡವಿಯಲ್ಲ. ಗಂಡನೂ ದುಡಿದರೆ ಸಾಹುಕಾರರ ಮನೆ. 2024ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಕಾರ್ಡು ರದ್ದತಿ ಶುರುವಾಗಿ, ಗದ್ದಲವೆದ್ದು, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಬೇಕಾಯಿತು. ಅಷ್ಟರಲ್ಲಿ ಎಷ್ಟು ಜನ ಕಚೇರಿಗೆ ಅಲೆದರು, ಎಷ್ಟು ಕೂಲಿ ಕಳೆದುಕೊಂಡರು ಎಂಬ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ. 2017ರ ಜುಲೈನಲ್ಲಿ ಗೋಕರ್ಣದ ಬಳಿ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಸತ್ತರು. ಆಧಾರ್ ಜೋಡಣೆಯಾಗದೆ ಅವರ ರೇಷನ್ ನಿಂತಿತ್ತು ಎಂದು ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ಸತ್ಯಶೋಧನಾ ತಂಡ ವರದಿ ಮಾಡಿತು. ಹಸಿವಿನ ಸಾವಲ್ಲ ಎಂದಿತು ಸರ್ಕಾರ.

ಹಾಗೆಂದು ತಮಿಳುನಾಡಿಗೆ ಪೂರ್ತಿ ಅಂಕ ಕೊಡಲಾಗದು. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಹೆಬ್ಬೆಟ್ಟಿನ ಯಂತ್ರ ಕೂರಿಸಲಾಗಿದೆ. ಕೇಂದ್ರದ ಪಟ್ಟಿಯಲ್ಲಿರುವ ಕಾರ್ಡುಗಳ ಪ್ರತಿ ಸದಸ್ಯನೂ 2025ರ ಮಾರ್ಚ್ 31ರೊಳಗೆ ಇ-ಕೆವೈಸಿ ಮಾಡಿಸಬೇಕಿತ್ತು. ಕೊಯಮತ್ತೂರಿನ ಮಿಲ್ಲಿಗೋ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಇಳಿದುಹೋದ ಮಕ್ಕಳು ಬೆರಳಿಡುವುದು ಹೇಗೆ? ಎಲೆ ಕಿತ್ತು ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣದಿದ್ದರೆ? ಗುಡ್ಡದ ಮರೆಯಲ್ಲಿ ಸಿಗ್ನಲ್ ಸತ್ತರೆ? ವಯಸ್ಸಾದವರಿಗೂ ಅಂಗವಿಕಲರಿಗೂ ಮನೆ ಬಾಗಿಲಿಗೆ ರೇಷನ್ ತರುವ ‘ತಾಯುಮಾನವರ್’ ಯೋಜನೆ 2025ರ ಆಗಸ್ಟ್ 12ರಂದು ಶುರುವಾಗಿದೆ. ಒಳ್ಳೆಯದು. ಗಟ್ಟಿಮುಟ್ಟಾಗಿದ್ದೂ ಬೆರಳು ಸವೆದವರಿಗೂ ಅಷ್ಟೇ ಉದಾರವಾದ ದಾರಿ ಬೇಕು.

ಗೂಡಲೂರು ಕಡೆಯ ಪಾಡು ಇನ್ನೂ ತೊಡಕಿನದು. ಶ್ರೀಲಂಕಾದಿಂದ ಮರಳಿದ ತಮಿಳರಿಗೆಂದು 1968ರಲ್ಲಿ ಹುಟ್ಟಿದ ಸರ್ಕಾರಿ ಟ್ಯಾನ್‌ಟೀ ತೋಟಗಳಲ್ಲಿ, ನಿವೃತ್ತಿಯಾದರೆ ಕಾರ್ಮಿಕರ ಲೈನ್ ಮನೆಯೂ ಹೋಗುತ್ತದೆ, ಅದರ ಹಿಂದೆಯೇ ರೇಷನ್ ಕಾರ್ಡಿನ ವಿಳಾಸವೂ.

ಬದಲಾವಣೆಯೇ ಬೇಡವೆಂದಲ್ಲ. 2023ರ ಮೇ ತಿಂಗಳಿಂದ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿ ಕೊಟ್ಟರು. ಚಹಾ ಬರುವ ಮುಂಚೆ ರಾಗಿ, ಸಾಮೆ, ಬಾರ್ಲಿ ಬೆಳೆದು ಉಂಡ ಬಡಗರ ಬೆಟ್ಟಕ್ಕೆ ಇದು ಒಗ್ಗುವ ಬದಲಾವಣೆ, ಯಾರ ಹೆಸರನ್ನೂ ಹೊಡೆಯದೆ ಆದದ್ದು.

ಭಯ ಇರುವುದು ಬೇರೆ ಕಡೆ. ಎಲ್ಲರಿಗೂ ಅಕ್ಕಿ ಎಂಬುದು ಇಂದು ಸರ್ಕಾರಿ ನೀತಿ ಮಾತ್ರ. ಖಜಾನೆ ಬಿಗಿಯಾದ ವರ್ಷ ಒಂದು ಆದೇಶದಲ್ಲಿ ಕಿರಿದಾಗಬಹುದು. ಛತ್ತೀಸಗಢ 2012ರಲ್ಲೇ, ಕೇಂದ್ರಕ್ಕೂ ಮೊದಲು, ತನ್ನದೇ ಆಹಾರ ಭದ್ರತಾ ಕಾಯ್ದೆ ಮಾಡಿಕೊಂಡಿತು. ಚೆನ್ನೈ ವಿಧಾನಸಭೆಯೂ ಅಕ್ಕಿ ಕಾರ್ಡನ್ನು ಕಾಯ್ದೆಯಲ್ಲಿ ಬರೆಯಲಿ, ಬೆರಳಚ್ಚು ಸಿಗದಿದ್ದರೂ ರೇಷನ್ ತಪ್ಪಬಾರದು ಎಂಬ ಸಾಲು ಅದರಲ್ಲಿರಲಿ. ಮತ ಕೇಳಲು ಬೆಟ್ಟ ಹತ್ತಿ ಬರುವವರ ಮುಂದೆ ಇತ್ತಲಾರಿನವರು ಇಡಬೇಕಾದ ಬೇಡಿಕೆ ಇದು. ಮಸಿನಗುಡಿಯಿಂದ ಕಾಡು ದಾಟಿದರೆ ಸಿಗುವ ಗುಂಡ್ಲುಪೇಟೆಯವರು, ಆ 1.20 ಲಕ್ಷದ ಮಿತಿಯನ್ನು ಕಿತ್ತುಹಾಕಿ ಎಂದು ಬೆಂಗಳೂರನ್ನು ಕೇಳಬೇಕು.