ಹಲ್ಲಿನ ಬೇರು, ವಂಶದ ಬೇರು

“ನಮ್ಮ ವಂಶದಲ್ಲೇ ಹಲ್ಲು ಗಟ್ಟಿಯಿಲ್ಲ” ಎಂಬ ಮಾತು ಜಯನಗರ, ಬನಶಂಕರಿಯ ದಂತವೈದ್ಯರಿಗೆ ಹೊಸದಲ್ಲ. ಬಿದ್ದ ಹಲ್ಲಿನ ಜಾಗದಲ್ಲಿ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ಕಟ್ಟುವುದೇ ಇಂಪ್ಲಾಂಟ್. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಇದನ್ನು ರೋಗಿಯೊಬ್ಬರಿಗೆ ಅಳವಡಿಸಿದರು. ಲೋಹಕ್ಕೆ ಹುಳುಕು ಹಿಡಿಯದು, ನಿಜ. ಆದರೆ ಅದನ್ನು ಹಿಡಿದಿರುವ ಮೂಳೆ ಸವೆಯಬಹುದು. ಈ ಸವೆತಕ್ಕೂ ವಂಶಕ್ಕೂ ನಂಟಿದೆಯೆ?

ಇಂಪ್ಲಾಂಟಿನ ಸುತ್ತ ಪಾಚಿ ಕಟ್ಟಿದರೆ ಅದರಲ್ಲಿನ ಬ್ಯಾಕ್ಟೀರಿಯಾ ವಿರುದ್ಧ ದೇಹ ಹೋರಾಟಕ್ಕಿಳಿಯುತ್ತದೆ. ಆಗ ಕರೆಗಂಟೆ ಬಾರಿಸುವುದು ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನು. ಅದು ಅತಿಯಾದರೆ ಮೂಳೆ ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ. ಇದರ ವಂಶವಾಹಿಗಳಿರುವುದು 2ನೆಯ ವರ್ಣತಂತುವಿನಲ್ಲಿ. ಅಲ್ಲಿನ ಡಿ.ಎನ್.ಎ. ಬರಹದಲ್ಲಿ ಒಂದು ಅಕ್ಷರ ಬದಲಾದರೂ ಕೆಲವರಲ್ಲಿ ಗಂಟೆ ಜೋರಾಗಬಹುದು. ಇಂಥ ಬದಲಾವಣೆಗೂ, ಸಿಗರೇಟು ಸೇದದವರ ತೀವ್ರ ಒಸಡು ರೋಗಕ್ಕೂ ನಂಟಿದೆಯೆಂದು 1997ರಲ್ಲಿ ಕಾರ್ನ್‌ಮನ್ ತಂಡ ತೋರಿಸಿತು. ಇಂಪ್ಲಾಂಟ್ ವಿಷಯದಲ್ಲಿ ಮಾತ್ರ ಮುಂದಿನ ಅಧ್ಯಯನಗಳಲ್ಲಿ ಒಮ್ಮತ ಮೂಡಲಿಲ್ಲ.

2017ರಲ್ಲಿ ಷಿಕಾಗೊದಲ್ಲಿ ಸೇರಿದ್ದ ತಜ್ಞರು ಬೊಟ್ಟುಮಾಡಿದ್ದು ಮುಖ್ಯವಾಗಿ ಮೂರು ಕಾರಣಗಳಿಗೆ: ಹಿಂದೆ ಬಂದಿದ್ದ ತೀವ್ರ ಒಸಡು ರೋಗ, ಪಾಚಿ ತೆಗೆಯದಿರುವುದು, ತಪಾಸಣೆ ತಪ್ಪಿಸುವುದು. ಮೊದಲನೆಯದರಲ್ಲಿ ವಂಶದ ಪಾಲೂ ಇದೆ. ಉಳಿದೆರಡು ಅವರವರ ಕೈಯಲ್ಲೇ ಇವೆ.

ಹಾಗಾಗಿ ಇಂಪ್ಲಾಂಟ್ ಬಯಸುವ ತಂದೆತಾಯಿ, ಮನೆಯ ಹಿರಿಯರ ಹಲ್ಲು ಹೇಗೆ ಬಿದ್ದವೆಂಬುದನ್ನೂ ವೈದ್ಯರಿಗೆ ಹೇಳಬೇಕು. ಜೆ.ಪಿ. ನಗರದ ಆರ್.ವಿ. ದಂತ ಕಾಲೇಜಿನಂಥ ಕಡೆ ಒಸಡಿಗೆಂದೇ ಪ್ರತ್ಯೇಕ ವಿಭಾಗವಿದೆ. ಮಕ್ಕಳು ಬ್ರಷ್ ಮಾಡುವಾಗ ಒಸಡಿನಲ್ಲಿ ರಕ್ತ ಕಂಡರೆ ವಂಶವನ್ನು ದೂರಿ ಸುಮ್ಮನಿರಬಾರದು. ವಂಶವಾಹಿಯನ್ನು ಬದಲಿಸಲಾಗದು, ಪಾಚಿಯನ್ನು ದಿನವೂ ತೊಳೆಯಬಹುದು.