ಸಕ್ಕರೆ ಹುಟ್ಟುವುದು ಹೊಲದಲ್ಲಿ

ಕಬ್ಬಿಗೆ ಒಳ್ಳೆಯ ದರ ಕೇಳಿದಾಗಲೆಲ್ಲ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರಿಗೆ ಅವೇ ನಾಲ್ಕು ಮಾತು ಕೇಳಬೇಕಾಗುತ್ತದೆ. ಒಂದೊಂದಕ್ಕೂ ಉತ್ತರವಿದೆ.

‘ದರ ಏರಿಸಿದರೆ ಕಾರ್ಖಾನೆ ಮುಚ್ಚುತ್ತದೆ.’

ಕಾರ್ಖಾನೆಯ ಸಂಕಟ ಸುಳ್ಳಲ್ಲ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ ಸರ್ಕಾರ 2019ರಲ್ಲಿ ಕೆ.ಜಿ.ಗೆ 31 ರೂಪಾಯಿ ಮಾಡಿತು. ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ದರ, ಅಂದರೆ ಆಗ ಕ್ವಿಂಟಲಿಗೆ 275 ರೂಪಾಯಿ ಇದ್ದ ಎಫ್‌ಆರ್‌ಪಿ 2025-26ರ ಹಂಗಾಮಿಗೆ 355 ಆಯಿತು. ಆದರೆ ಇನ್ನೊಂದು ಲೆಕ್ಕವನ್ನೂ ಹಾಕೋಣ. ಸಕ್ಕರೆ ಇಳುವರಿ ನೂರಕ್ಕೆ ಒಂದರಷ್ಟು ಇಳಿದರೆ ಟನ್ ಕಬ್ಬಿಗೆ 10 ಕೆ.ಜಿ. ಸಕ್ಕರೆ ಹೋಯಿತು. 10 ಲಕ್ಷ ಟನ್ ನುರಿಸುವ ಕಾರ್ಖಾನೆಗೆ ಅದು 31 ಕೋಟಿ ರೂಪಾಯಿಯ ಪೆಟ್ಟು. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲೇ ಒಣಗಿದರೆ, ನೆರೆಯಲ್ಲಿ ನಿಂತರೆ, ಸವಳು ಮಣ್ಣಿನಲ್ಲಿ ಬೆಳೆದರೆ ಬೀಳುವ ಪೆಟ್ಟು ಅದೇ. ಅದಕ್ಕೂ ರೈತ ಕೇಳುವ ದರಕ್ಕೂ ಸಂಬಂಧವಿಲ್ಲ.

‘ನೆರೆ ಬರುವ ನದಿದಂಡೆಗೆ ಕಬ್ಬು ಹಾಕಿದ್ದು ಯಾರು?’

ನಾವೇ. ನಾಲ್ಕು ದಿನ ನೀರಲ್ಲಿ ನಿಂತರೆ ಸೋಯಾಬೀನ್ ಕೊಳೆಯುತ್ತದೆ, ಕಬ್ಬು ಅಷ್ಟಾದರೂ ತಡೆಯುತ್ತದೆ. 2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಕೊಯ್ನಾ ನೀರಿಗೆ ಮೊರೆಯಿಟ್ಟೆವು. ಅದೇ ಆಗಸ್ಟಿನಲ್ಲಿ ಮುಳುಗಿದೆವು. ನೆರೆ ಇಳಿದ ಮೇಲೆ ಜುಗೂಳ, ಮಂಗಾವತಿ ಕಡೆಯ ಹೊಲಕ್ಕೆ ಇಳಿದು ನೋಡಿ. ಸುಳಿಯವರೆಗೆ ರಾಡಿ ಮೆತ್ತಿರುತ್ತದೆ. ಸುಳಿ ಹಿಡಿದೆಳೆದರೆ ಕೈಗೇ ಬರುತ್ತದೆ, ನಾರುತ್ತದೆ. ಗೆಣ್ಣುಗೆಣ್ಣಿಗೂ ಬೇರು, ಮೊಳಕೆ. ಆ ಕಬ್ಬಿನಲ್ಲಿ ಸಿಹಿ ಎಲ್ಲಿಂದ ಬರಬೇಕು?

‘ಕಂಡಾಪಟ್ಟೆ ನೀರು ಹಾಯಿಸಿ ಭೂಮಿ ಕೆಡಿಸಿಕೊಂಡವರು ರೈತರೇ.’

ಅರ್ಧ ನಿಜ. ಎರೆಮಣ್ಣಿಗೆ ಹೆಚ್ಚು ನೀರು ಹಾಯಿಸಿದ್ದೂ ಹೌದು, ಬೆಳೆ ಬದಲಿಸದೆ ಕೂಳೆ ಬಿಟ್ಟಿದ್ದೂ ಹೌದು. ಆದರೆ ಪ್ರತಿ ವರ್ಷ ಕಬ್ಬೇ ಬೇಕೆಂದವರು ಯಾರು? ಸವಳು-ಜವಳು ಒಬ್ಬನ ಬದುವಿನಲ್ಲಿ ನಿಲ್ಲುವುದಿಲ್ಲ. ನೆಲದೊಳಗೆ ತೂತಿನ ಪೈಪು ಹುಗಿದು ಉಪ್ಪುನೀರು ಬಸಿದು ತೆಗೆಯಬೇಕು. ಆ ನೀರು ನೆರೆಯವನ ಹೊಲ ದಾಟಿ ಹಳ್ಳ ಸೇರಬೇಕು. ಉಗಾರ ಬುದ್ರುಕದಲ್ಲಿ ಇಂಥ ಕೆಲಸ ಊರೊಟ್ಟಿಗೆ ನಡೆದಿದೆ. ಎರಡೆಕರೆಯವನು ಒಬ್ಬನೇ ಮಾಡುವ ಕೆಲಸ ಇದಲ್ಲ.

‘ಈಗಿನ ಹುಡುಗರಿಗೆ ದುಡಿಯುವುದು ಬೇಡ, ಊರು ಬಿಡುತ್ತಾರೆ.’

ಹಾಗಾದರೆ ಇಚಲಕರಂಜಿಯ ಮಗ್ಗಗಳಲ್ಲಿ, ಗೋಕುಲ ಶಿರಗಾಂವದ ಫೌಂಡ್ರಿಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮೂರ ಹುಡುಗರು ಯಾರು? ಅಲ್ಲಿ ಪಗಾರದ ದಿನ ಗೊತ್ತಿರುತ್ತದೆ. ಇಲ್ಲಿ 1966ರ ಕಬ್ಬು ನಿಯಂತ್ರಣ ಆದೇಶ 14 ದಿನದೊಳಗೆ ಬಿಲ್ಲು ಕೊಡಿ, ತಡವಾದರೆ ಶೇ 15 ಬಡ್ಡಿ ಕೊಡಿ ಎನ್ನುತ್ತದೆ. ಬಡ್ಡಿ ಸಮೇತ ಬಿಲ್ಲು ಕೈಗೆ ಬಂತೆಂದು ಹೇಳುವ ರೈತನನ್ನು ನಾನಂತೂ ಕಂಡಿಲ್ಲ.

ಕಾರ್ಖಾನೆ ಉಳಿಯಲಿ ಎಂಬುದು ನಮ್ಮದೂ ಆಸೆ. ಅದು ನಿಂತರೆ ನಮ್ಮ ಒಲೆಯೂ ಆರುತ್ತದೆ. ಅದಕ್ಕೇ ಕೇಳುತ್ತಿದ್ದೇವೆ: ಮುಂದಿನ ಹಂಗಾಮಿನ ದರದ ಸಭೆಯಲ್ಲಿ ಯಂತ್ರದ ದುರಸ್ತಿಗೆ ಹಣ ತೆಗೆದಿಟ್ಟಂತೆ ಹೊಲದ ಬಸಿಗಾಲುವೆಗೂ ತೆಗೆದಿಡಿ. ಆಮೇಲೆ ದರದ ಮಾತಾಡೋಣ.